ಮಿರ್ಸೋಬಿತ್ ಅಕಾ ಹುಡುಕಿದ ಅಪಸ್ವರ

ಹಿರಿಯರೇ, ಮುಕದ್ದಸ್ ಅತ್ತಿಗೆ, ಮಗಳೇ ನಿಗೀನಾ, ಮುಂಜಾನೆಯ ಪುಲಾವಿಗೂ ಬಂದು, ಪ್ರಾರ್ಥನೆಗೂ ಕೂತು, ಈಗ ಮತ್ತೆ ಈ ಗಟ್ಟಿ ಕುರ್ಚಿಗಳ ಮೇಲೆ ಬಂದು ಕೂತಿರುವ ನಮ್ಮ ಮೊಹಲ್ಲಾದ ಎಲ್ಲರೇ — ನಿಮಗೆಲ್ಲ ಈ ಪೂಲಾತ್‌ನ ಸಲಾಮು.

ಮಿರ್ಸೋಬಿತ್ ಅಕಾ ನಮ್ಮನ್ನು ಬಿಟ್ಟು ಹೋಗಿ ಇವತ್ತಿಗೆ ನಲವತ್ತು ದಿನ. ಅಕಾ ಎಂದರೆ ಅಣ್ಣ. ಒಡಹುಟ್ಟಿದ ಅಣ್ಣನಲ್ಲ, ಇದೇ ಸಂಸ್ಕೃತಿ ಭವನದ ರಿಪೇರಿ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಒಂದೇ ಮೇಜಿನ ಎರಡು ಕಡೆ ಕೂತವರು ನಾವು. ನನಗೆ ಭಾಷಣ ಬರುವುದಿಲ್ಲ. ಈ ವೇದಿಕೆಯ ಮೇಲೆ ಸಾವಿರ ಸಲ ಮೈಕು ಜೋಡಿಸಿದ್ದೇನೆ, "ಹಲೋ, ಒಂದು, ಎರಡು" ಎಂದಿದ್ದೇನೆ — ಮೂರರಿಂದ ಮುಂದಿನ ಮಾತು ಯಾವಾಗಲೂ ಬೇರೆಯವರದ್ದು. ಇವತ್ತು ನನ್ನದು.

ನಿಂತ ಕಡೆ ನಿಲ್ಲಲು ಆಗುತ್ತಿಲ್ಲ, ಕ್ಷಮಿಸಿ. ಆಗಾಗ ಹಿಂದೆ ತಿರುಗಿ ನೋಡುತ್ತೇನೆ, ತಪ್ಪು ತಿಳಿಯಬೇಡಿ. ಅಲ್ಲಿ ಮೇಜಿನ ಮೇಲೆ ಇದೆಯಲ್ಲ — ಆ ಕರಿ ಪೆಟ್ಟಿಗೆ, ಕೆಂಪು ದೀಪ ಹತ್ತಿಕೊಂಡಿರುವುದು — ಅದು ಬಿಸಿಯಾಗುತ್ತಿದೆ. ಅರ್ಧ ಗಂಟೆ ಕಾಯಿಸದೆ ಅದು ಶ್ರುತಿಗೆ ಬರುವುದಿಲ್ಲ. ನೀವು ಒಳಗೆ ಬರುವ ಮೊದಲೇ ಸ್ವಿಚ್ ಹಾಕಿದ್ದೇನೆ. ಎಷ್ಟು ಹೊತ್ತಾಯಿತು? ಹನ್ನೆರಡು ನಿಮಿಷ. ಆಯಿತು.

ಒಂದು ಮಾತು ಹೇಳಬೇಕಾಗಿದೆ. ಅದನ್ನು ಹೇಳದೆ ಈ ಮೆಟ್ಟಿಲು ಇಳಿದರೆ ನಾನು ಮನುಷ್ಯನಲ್ಲ. ಆದರೆ ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಸುತ್ತಿ ಬಳಸಿ ಬರುತ್ತೇನೆ — ಅಲ್ಲಿಯ ತನಕ ಸ್ವಲ್ಪ ಸಹಿಸಿಕೊಳ್ಳಿ.

ಅಕಾ ಅವರ ಮನೆಯ ಬಾಲ್ಕನಿ ನಿಮಗೆ ಗೊತ್ತು. ಮೂರನೇ ಮಹಡಿ, ಗಾಜು ಮುಚ್ಚಿಸಿದ ಬಾಲ್ಕನಿ. ಬೇರೆಯವರ ಬಾಲ್ಕನಿಯಲ್ಲಿ ಉಪ್ಪಿನಕಾಯಿ ಜಾಡಿ, ಒಣಗಿದ ಏಪ್ರಿಕಾಟ್ ಇರುತ್ತದೆ. ಅವರದ್ದರಲ್ಲಿ ಹಳೆಯ ರೇಡಿಯೊ, ಟೇಪ್ ರೆಕಾರ್ಡರ್, ಸೋವಿಯತ್ ಕಾಲದ ಸಿಂಥಸೈಸರ್‌ಗಳು. ಬಟ್ಟೆ ಒಣಗಿಸಲು ಜಾಗವಿಲ್ಲ ಎಂದು ಅತ್ತಿಗೆ ಎಷ್ಟು ಸಲ ಜಗಳ ತೆಗೆದರೋ ಅವರಿಗೇ ಲೆಕ್ಕ ತಪ್ಪಿದೆ. ತಾಷ್ಕೆಂಟ್‌ನಲ್ಲಿ ಸೋಲ್ಡರಿಂಗ್ ಐರನ್ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಕಾ ಅವರ ಕ್ರಮ ಯಾರಿಗೂ ಇರಲಿಲ್ಲ. ಮೊದಲು ಕೇಳು. ಆಮೇಲೆ ಬರೆ. ಕಡೆಗೆ ಕೈ ಹಾಕು. ಈ ಮೂರರಲ್ಲಿ ಹಿಂದುಮುಂದಾದರೆ ಅವರಿಗೆ ಆಗುತ್ತಲೇ ಇರಲಿಲ್ಲ.

ಕೇಳುವುದು ಎಂದರೆ — ಹೇಗೆ ಹೇಳಲಿ — ಯಂತ್ರದ ಸ್ವಿಚ್ ಹಾಕುವುದು, ಒಂದು ಕೀಯನ್ನೂ ಒತ್ತದೆ, ಹೀಗೆ, ತಲೆ ಬಗ್ಗಿಸಿ, ಒಂದು ನಿಮಿಷ ನಿಲ್ಲುವುದು. ಬರೀ ಅದರ ಗುಂಯ್ ಅನ್ನುವ ಸದ್ದು. ಅದರಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಆ ಒಂದು ನಿಮಿಷ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಗೋಡೆ ಗಡಿಯಾರವನ್ನು ಕೆಳಗಿಳಿಸಿ ದಿಂಬಿನ ಕೆಳಗೆ ಇಡುತ್ತಿದ್ದರು. ಫ್ರಿಜ್‌ನ ಪ್ಲಗ್ಗು ಕಿತ್ತು ಹಾಕುತ್ತಿದ್ದರು. ಒಂದು ಸಲ ಕಿತ್ತವರು ಮತ್ತೆ ಹಾಕಲು ಮರೆತರು. ಹಬ್ಬಕ್ಕೆಂದು ತಂದಿಟ್ಟ ಕುರಿ ಮಾಂಸ, ಎರಡು ದಿನ. ಮೂರನೇ ದಿನ ನಾನು ಹೋದಾಗ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ,

"ಪೂಲಾತ್, ಒಳಗೆ ಬಂದು ಮೂಸಿ ನೋಡು. ನಿಮ್ಮಣ್ಣ ಒಂದು ನಿಮಿಷ ಕೇಳಿದ್ರು, ನಾವು ಒಂದು ವಾರ ಉಣ್ಣಬೇಕು" ಅಂದರು.

ಒಳಗಿನಿಂದ ಅಕಾ, "ಶ್ — ಕೇಳಿಸ್ತಾ ಇಲ್ಲ ಕಣೇ!"

ನಗಿ, ಅತ್ತಿಗೆ, ನಗಿ. ನೀವು ನಕ್ಕು ನಲವತ್ತು ದಿನವಾಯಿತು.

ಈಗ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅದು ಸನೋಬರ್ ಖೋಲಾ ಅವರದ್ದು. ಖೋಲಾ, ಮೂರನೇ ಸಾಲಿನಲ್ಲಿ ಕೂತಿದ್ದೀರಿ, ಕಾಣುತ್ತಿದೆ. ಚಿಕ್ಕಮ್ಮನ ಸಮಾನ ನೀವು, ನಾನು ಏನು ಹೇಳಿದರೂ ಕಡೆಯ ತನಕ ಕೇಳಿಸಿಕೊಳ್ಳಿ. ಅವರ ಯಜಮಾನರು ಎರ್ಗಾಶ್ ಅಕಾ ಮೂವತ್ತು ವರ್ಷ ಈ ಮೊಹಲ್ಲಾದ ಮದುವೆಗಳಲ್ಲಿ ಈ ಸಿಂಥಸೈಸರ್ ನುಡಿಸಿದವರು, ಖೋಲಾ ಪಕ್ಕದಲ್ಲಿ ನಿಂತು ಹಾಡಿದವರು. ಇಲ್ಲಿರುವ ನಲವತ್ತು ದಾಟಿದವರೆಲ್ಲ ಆ ಹಾಡಿಗೇ ಮದುವೆಯಾಗಿರುವುದು. ಎರ್ಗಾಶ್ ಅಕಾ ತೀರಿಕೊಂಡ ಮೇಲೆ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಮೂರು ವರ್ಷದ ಹಿಂದೆ, ವಸಂತದಲ್ಲಿ, ಖೋಲಾ ಅದನ್ನು ಮೊಮ್ಮಗನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದರು. ಮೊಮ್ಮಗಳ ಮದುವೆಗೆ ಒಂಬತ್ತು ದಿನ ಇತ್ತು.

"ಮಿರ್ಸೋಬಿತ್, ಇದು ಮಾತು ಬಿಟ್ಟಿದೆ. ಮಾತಾಡಿಸು. ಹುಡುಗೀನ ಕಳಿಸಿಕೊಡುವಾಗ ಒಂದೇ ಒಂದು ಹಾಡು ಹಾಡಬೇಕು, ಅವರ ಪಕ್ಕ ನಿಂತ ಹಾಗೆ ಇರಬೇಕು. ಅಷ್ಟೇ ನನಗೆ ಬೇಕಾಗಿರೋದು."

ಮಾತು ಬಿಟ್ಟಿದ್ದು ದೊಡ್ಡ ಕಾಯಿಲೆಯೇನೂ ಅಲ್ಲ. ಕರೆಂಟು ಒಳಗೆ ಬರುವ ಕಡೆ ಎರಡು ಕೆಪಾಸಿಟರ್ ಉಬ್ಬಿಕೊಂಡು ಸತ್ತಿದ್ದವು. ಅಕಾ ಬರೆದುಕೊಂಡರು, ಬದಲಿಸಿದರು. ಯಂತ್ರ ಬಾಯಿ ಬಿಟ್ಟಿತು. ಕೆಳಗಿನಿಂದ ಮೇಲಿನ ತನಕ ಒಂದೊಂದೇ ಕೀ ಒತ್ತುತ್ತಾ ಹೋದರೆ ಎಲ್ಲ ಸರಿ — ಒಂಬತ್ತನೆಯದು ಮಾತ್ರ ಅಪಸ್ವರ. ಪೂರ್ತಿ ಕೆಟ್ಟದ್ದೂ ಅಲ್ಲ. ಸ್ವಲ್ಪ ಬಾಡಿದ ಹಾಗೆ. ಎರಡು ಸ್ವರಗಳ ನಡುವೆ ಎಲ್ಲೋ ಜಾರಿ ನಿಂತ ಹಾಗೆ.

ಮುಚ್ಚಳ ತೆಗೆದು ನೋಡಿದೆವು. ಆ ಒಂದು ಕೀಯ ತಂತಿಗೆ ಏನೋ ಉಂಡೆ ಅಂಟಿಸಿದ್ದರು. ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಮೇಣ ಮೆತ್ತಿ, ಧೂಳು ಕೂತು ಸಗಣಿ ಉಂಡೆಯ ಹಾಗೆ ಕಾಣುತ್ತಿತ್ತು. ಕೆಳಗಿನ ತಗಡಿನಲ್ಲಿ ನೇರವಾಗಿ ಅದರ ಬುಡಕ್ಕೆ ಒಂದು ತೂತು ಬೇರೆ. "ತಿರುಪು ಬಿದ್ದುಹೋಗಿರಬೇಕು" ಅಂದರು ಅಕಾ. ಆ ತೂತಿಗೆ ನೀಟಾಗಿ ಒಂದು ಮರದ ಬೆಣೆ ಕೆತ್ತಿ ಹೊಡೆದು, ಕನ್ನಡಕ ಒರೆಸಿಕೊಂಡು, ಪುಸ್ತಕ ಪೆನ್ನು ತರಲು ಒಳಗೆ ಹೋದರು.

ಈಗ — ನೀರು. ಯಾರಾದರೂ ಒಂದು ಲೋಟ ನೀರು ಕೊಡಿ. ಧನ್ಯವಾದ.

ಅಕಾ ಒಳಗೆ ಹೋಗಿದ್ದರು. ಬಾಲ್ಕನಿಯಲ್ಲಿ ನಾನೊಬ್ಬನೇ ಇದ್ದೆ. ಕೈಯಲ್ಲಿ ಇಕ್ಕಳ ಇತ್ತು. "ಯಾವ ಕತ್ತೆ ಹಾಕಿದ ಬೆಸುಗೆ ಇದು" ಎಂದುಕೊಂಡೆ, ಗಟ್ಟಿಯಾಗಿಯೇ ಅಂದೆ. ಕತ್ತರಿಸಿದೆ. ಎರಡು ಕಡೆ — ಟಕ್, ಟಕ್. ತುದಿಗಳನ್ನು ಸೇರಿಸಿ ನೇರವಾಗಿ ಬೆಸೆದೆ. ಉಂಡೆಯನ್ನು ಬಿಚ್ಚಿ ಒಳಗೇನಿದೆ ಎಂದು ಕೂಡ ನೋಡಲಿಲ್ಲ. ಕಿಟಕಿಯಿಂದ ಹೊರಗೆ ಎಸೆದೆ. ಕೆಳಗೆ ಕಸದ ಲಾರಿ ನಿಂತಿತ್ತು, ಸರಿಯಾಗಿ ಅದರೊಳಗೇ ಬಿತ್ತು. ನನ್ನ ಗುರಿಯನ್ನು ನಾನೇ ಮೆಚ್ಚಿಕೊಂಡೆ.

ಇದು ನಾನು ಹೇಳಬೇಕಾಗಿದ್ದ ಮಾತು. ಕತ್ತರಿಸಿದ್ದು ನಾನು, ಮಿರ್ಸೋಬಿತ್ ಅಕಾ ಅಲ್ಲ.

ಗುಸುಗುಸು ಏಳುತ್ತಿದೆ, ಏಳಲಿ. ಇನ್ನೂ ಮುಗಿದಿಲ್ಲ.

ಅಕಾ ಪುಸ್ತಕ ಹಿಡಿದು ಬಂದರು. ನೇರವಾದ ತಂತಿಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಕೀ ಒತ್ತಿದರು, ಸ್ವರ ಶುದ್ಧವಾಗಿ ಬಂತು. "ಹೂಂ" ಅಂದರು, ಅಷ್ಟೇ. ಮರುದಿನ ಮಧ್ಯಾಹ್ನ ಇಬ್ಬರೂ ಸೇರಿ ಖೋಲಾ ಮನೆಗೆ ಹೊತ್ತುಕೊಂಡು ಹೋದೆವು. ಖೋಲಾ ನಾನ್ ರೊಟ್ಟಿ ಮುರಿದಿಟ್ಟರು, ಚಹಾ ಬಗ್ಗಿಸಿದರು, ತಲೆವಸ್ತ್ರ ಸರಿಮಾಡಿಕೊಂಡು ಎದ್ದು ನಿಂತರು. ನಾನು ರಾಗದ ಕೀಗಳನ್ನು ಒತ್ತಿದೆ. ಖೋಲಾ ಎರಡು ಸಾಲು ಹಾಡಿದರು. ಮೂರನೆಯ ಸಾಲಿನಲ್ಲಿ ಒಂಬತ್ತನೇ ಕೀ ಬಂತು — ಅಲ್ಲಿಗೆ ನಿಲ್ಲಿಸಿಬಿಟ್ಟರು.

"ಇದು ಅವರಲ್ಲ" ಅಂದರು. "ಅಲ್ಲಿ ಅವರು ಹೀಗೆ ನೆಟ್ಟಗೆ ನಿಲ್ತಿರಲಿಲ್ಲ. ನನ್ನ ಕಡೆ ಬಾಗ್ತಿದ್ರು. ಇದರಲ್ಲಿ ಯಾರು ಕೈ ಹಾಕಿದ್ದು?"

ನಾನು ಚಹಾ ಬಟ್ಟಲನ್ನು ಕೈಗೆತ್ತಿಕೊಂಡೆ. ಅದರೊಳಗೇ ನೋಡುತ್ತಾ ಕೂತೆ.

"ನಾನು, ಖೋಲಾ" ಅಂದರು ಮಿರ್ಸೋಬಿತ್ ಅಕಾ. "ತಪ್ಪು ನನ್ನದು. ಸರಿಮಾಡಿ ಕೊಡ್ತೀನಿ."

ನಮ್ಮ ಹಾಡುಗಳಲ್ಲಿ ಎರಡು ಸ್ವರಗಳ ನಡುವೆ ಒಂದು ಸ್ವರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ನಾನೂ ಇದೇ ಮಣ್ಣಿನವನು, ನಮ್ಮಮ್ಮನೂ ಅದೇ ಸ್ವರದಲ್ಲಿ ಜೋಗುಳ ಹಾಡಿದ್ದಾಳೆ. ಆದರೆ ಮೀಟರ್ ಹಿಡಿದು ಕೂತಾಗ ಅದು ಕಿವಿಯಿಂದ ಮಾಯವಾಗುತ್ತದೆ. ದೂರದ ಕಾರ್ಖಾನೆಯಲ್ಲಿ ತಯಾರಾದ ಯಂತ್ರಕ್ಕೆ ಎರ್ಗಾಶ್ ಅಕಾ ನಮ್ಮ ಸ್ವರವನ್ನು ಕಲಿಸಿದ್ದರು. ನಾನು ಅದನ್ನು ಕಾಯಿಲೆ ಎಂದುಕೊಂಡೆ. ಖೋಲಾ ಪಾಲಿಗೆ ಅವರ ಯಜಮಾನರು ಇನ್ನೊಂದು ಸಲ ಸತ್ತರು, ಕೊಂದವನು ಚಹಾ ಕುಡಿಯುತ್ತಾ ಕೂತಿದ್ದ.

ಉಳಿದ ಎಂಟು ದಿನ ಅಕಾ ಮೈಮೇಲೆ ಬಂದವರ ಹಾಗೆ ತಿರುಗಿದರು. ತಂತಿಗೆ ಹಾಕಿದರೆ ಸ್ವರ ಬದಲಿಸುವ ಇದ್ದಬದ್ದ ರೆಸಿಸ್ಟರ್‌ಗಳನ್ನೆಲ್ಲ ಒಂದು ತಟ್ಟೆಯಲ್ಲಿ ಸುರಿದುಕೊಂಡು, ದಿನವೂ ಖೋಲಾ ಮನೆಯ ಅಂಗಳದಲ್ಲಿ ಕೂತು ಒಂದೊಂದೇ ಹಾಕುವುದು, ತೆಗೆಯುವುದು.

"ಇದು?"

"ಮೇಲಾಯ್ತು."

"ಇದು?"

"ಅಯ್ಯೋ, ಇದು ಅಳ್ತಾ ಇದೆ. ಅವರು ಅಳ್ತಿರಲಿಲ್ಲ."

"ಇದು, ಖೋಲಾ?"

"ನಿನ್ನೆ ಸರಿ ಅನ್ನಿಸಿತ್ತು. ಇವತ್ತು ಇಲ್ಲ. ಬಿಟ್ಟುಬಿಡು ಮಿರ್ಸೋಬಿತ್, ನಿನಗೂ ವಯಸ್ಸಾಯ್ತು, ನನಗೂ ಆಯ್ತು."

ಮದುವೆಯ ದಿನ ಬಂತು, ಹೋಯಿತು, ಪೆಟ್ಟಿಗೆ ಅಕಾ ಬಾಲ್ಕನಿಗೆ ವಾಪಸಾಯಿತು. ಮೊಮ್ಮಗಳು ಹೊರಡುವಾಗ ಖೋಲಾ ಅವಳ ಹಣೆಗೆ ಮುತ್ತಿಟ್ಟು ಸುಮ್ಮನೆ ಕೂತರು. ಆ ದಿನದಿಂದ ಅವರು ಹಾಡಿಲ್ಲ. ಮೂರು ವರ್ಷವಾಯಿತು, ತೊಟ್ಟಿಲ ಮುಂದೆ ಕೂಡ ಹಾಡಿಲ್ಲ.

ಮತ್ತೆ ನಾವು — ನಾವೆಲ್ಲ ಏನು ಮಾಡಿದೆವು? ಚಹಾ ಅಂಗಡಿಯಲ್ಲಿ ಅಕಾಗೆ ಹೆಸರಿಟ್ಟೆವು. "ಹಾಡು ಕೊಂದ ಉಸ್ತಾದ್." ತೋಲಿಬ್ ಅಜ್ಜ, ನೀವೇ ಅಲ್ಲವೇ ಹೇಳಿದ್ದು, "ಮಿರ್ಸೋಬಿತ್, ನನ್ನ ಇಸ್ತ್ರಿ ಪೆಟ್ಟಿಗೆ ಕೆಟ್ಟಿದೆ. ನಿನ್ನ ಕೈಗೆ ಕೊಟ್ಟರೆ ಅಂಗಿ ಸೊಟ್ಟಗಾಗುತ್ತೋ ಏನೋ" ಅಂತ? ತಲೆ ತಗ್ಗಿಸಬೇಡಿ ಅಜ್ಜ. ನೀವು ಗೊತ್ತಿಲ್ಲದೆ ಅಂದಿರಿ. ನಾನು ಗೊತ್ತಿದ್ದೂ ಪಕ್ಕದಲ್ಲಿ ಕೂತು ಎಲ್ಲರ ಜೊತೆ ನಕ್ಕೆ. ಅಕಾ ಕೂಡ ನಕ್ಕರು. ಮನೆಗೆ ಹೋಗುವಾಗ ದಾರಿಯಲ್ಲಿ, "ಅಕಾ, ನಾನು ಹೇಳಿಬಿಡ್ತೀನಿ" ಅಂದೆ. "ಏನು ಹೇಳ್ತೀಯ? ಬಾಲ್ಕನಿ ನನ್ನದು, ಮೇಜು ನನ್ನದು. ಅಲ್ಲಿ ಏನಾದ್ರೂ ನನ್ನ ತಲೆಗೇ. ನೀನು ಹೇಳಿದ ಮಾತ್ರಕ್ಕೆ ಸ್ವರ ವಾಪಸ್ ಬರುತ್ತಾ? ಬಾ, ಕೆಲಸ ಇದೆ" ಅಂದರು. ನಾನು ಸುಮ್ಮನಾದೆ. ಸುಮ್ಮನಾಗುವುದು ಬಹಳ ಸುಲಭವಾಗಿತ್ತು.

ಎಷ್ಟಾಯಿತು? ಇಪ್ಪತ್ತೊಂದು ನಿಮಿಷ. ದೀಪ ಸ್ಥಿರವಾಗಿದೆ. ಸರಿ.

ಕಳೆದ ವರ್ಷ ಅಕಾ ರೊಟ್ಟಿ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದು ನಿಮಗೆಲ್ಲ ನೆನಪಿರಬೇಕು. ಎರ್ಗಾಶ್ ಅಕಾ ನುಡಿಸಿದ ಮದುವೆಯ ಕ್ಯಾಸೆಟ್ ಯಾರಲ್ಲಿದ್ದರೂ ಎರಡು ದಿನದ ಮಟ್ಟಿಗೆ ಕೊಡಿ ಎಂದು. ಮೂವತ್ತೊಂದು ಕ್ಯಾಸೆಟ್ ಬಂದವು. "ಅಕಾ, ಕ್ಯಾಸೆಟ್ ನಂಬೋ ಹಾಗಿಲ್ಲ. ಒಂದೊಂದು ಟೇಪ್ ರೆಕಾರ್ಡರ್ ಒಂದೊಂದು ವೇಗದಲ್ಲಿ ಓಡುತ್ತೆ" ಅಂದೆ.

"ದಡ್ಡ. ವೇಗ ಹೆಚ್ಚಾದ್ರೆ ಎಲ್ಲ ಸ್ವರಾನೂ ಒಟ್ಟಿಗೆ ಮೇಲೆ ಹೋಗುತ್ತೆ. ಎಂಟನೇ ಕೀಗೂ ಒಂಬತ್ತನೇ ಕೀಗೂ ನಡುವೆ ಎಷ್ಟು ದೂರ ಅನ್ನೋದು ಬದಲಾಗಲ್ಲ. ನಾನು ಅಳೆಯೋದು ಆ ದೂರಾನ."

ನನಗೆ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಒಂದೊಂದನ್ನೂ ಕೇಳಿ, ಅಳೆದು, ಬರೆದರು. ಹಲವು ತಿಂಗಳ ಕೆಲಸ. ಕಡೆಗೆ ಒಂದು ದಿನ ಬೆಳಿಗ್ಗೆ, ನಾನಿನ್ನೂ ಚಹಾ ಕುಡಿಯುತ್ತಿದ್ದೆ, ಫೋನು. ಕಿರುಚುತ್ತಿದ್ದರು.

"ಪೂಲಾತ್! ಮೂವತ್ತೊಂದರಲ್ಲಿ ಯಾವ ಎರಡೂ ಒಂದೇ ಥರ ಇಲ್ಲ ಕಣೋ! ಮೂವತ್ತೊಂದು ಮದುವೆ, ಮೂವತ್ತೊಂದು ಸ್ವರ!"

"ಹಾಗಾದ್ರೆ ಮುಗೀತು ಬಿಡಿ ಅಕಾ" ಅಂದೆ.

"ಮುಗೀತಾ? ಈಗ ಶುರು. ಬಟ್ಟೆ ಹಾಕ್ಕೊಂಡು ಬಾ."

ನೇರವಾಗಿ ಖೋಲಾ ಮನೆಗೆ ಹೋದೆವು. ಅಕಾ ಕೂರಲೂ ಇಲ್ಲ. ಬಾಗಿಲಲ್ಲೇ ನಿಂತು, "ಖೋಲಾ, ಎರ್ಗಾಶ್ ಅಕಾ ಮದುವೆಗೆ ಹೊರಡುವಾಗ ಏನೇನು ತಗೊಂಡು ಹೋಗ್ತಿದ್ರು?" ಎಂದು ಕೇಳಿದರು.

"ಇದೇನು ಪ್ರಶ್ನೆ? ಟೋಪಿ. ಕರವಸ್ತ್ರ. ಬೂಟಿನೊಳಗೆ ಒಂದು ಸ್ಕ್ರೂಡ್ರೈವರ್."

"ಸ್ಕ್ರೂಡ್ರೈವರ್ ಯಾಕೆ?"

"ನನಗೇನು ಗೊತ್ತು. ಗಂಡಸರು, ಏನೇನೋ ಇಟ್ಕೊಳ್ತಾರೆ. ನಾನು ಹಾಡೋಕೆ ಶುರು ಮಾಡೋ ಮೊದಲು ಎರಡು ಮಾತು ಆಡಿಸೋರು. ಏನು ತಿಂದೆ, ಗಂಟಲು ಹೇಗಿದೆ, ಒಂದು ಸಾಲು ಗುನುಗು ನೋಡೋಣ, ಅಂತ. ಆಮೇಲೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳೋರು. ಆಮೇಲೆ ನುಡಿಸೋರು."

"ಬೂಟಿಗೆ ದಾರ ಇತ್ತಾ, ಖೋಲಾ?"

ಖೋಲಾ ಅವರ ಕೈ ಬಾಯಿಯ ಮೇಲೆ ಹೋಯಿತು. ನಮ್ಮ ಕಡೆಯ ಉದ್ದ ಬೂಟು, ಮೊಣಕಾಲ ತನಕ — ಅದಕ್ಕೆ ದಾರ ಎಲ್ಲಿಂದ ಬರಬೇಕು? ಮೂವತ್ತು ವರ್ಷ ಪಕ್ಕದಲ್ಲಿ ನಿಂತವರಿಗೆ ಅದು ಹೊಳೆದೇ ಇರಲಿಲ್ಲ.

"ಇರಲಿಲ್ಲ" ಅಂದರು ಕಡೆಗೆ.

ಅರ್ಥವಾಯಿತೇ? ಆ ತೂತು! ಅಕಾ ಬೆಣೆ ಹೊಡೆದು ಮುಚ್ಚಿದ ತೂತು ತಿರುಪು ಬಿದ್ದುಹೋದ ಜಾಗವಲ್ಲ. ನಾನು ಎಸೆದ ಉಂಡೆಯೊಳಗೆ ಇದ್ದದ್ದು ತಿರುಗಿಸಿದರೆ ಸ್ವರ ಏರಿಳಿಯುವ ಒಂದು ಪುಟ್ಟ ತಿರುಪು. ಆ ದಿನ ಹೆಂಡತಿಯ ಗಂಟಲು ಹೇಗಿದೆಯೋ ಹಾಗೆ, ಶೀತವಾಗಿದ್ದರೆ ಹಾಗೆ, ಬೇಜಾರಾಗಿದ್ದರೆ ಹಾಗೆ, ಎರ್ಗಾಶ್ ಅಕಾ ಕೆಳಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಆ ಒಂದು ಸ್ವರವನ್ನು ಅವಳ ಕಡೆ ಬಾಗಿಸುತ್ತಿದ್ದರು. ಅವಳಿಗೂ ಹೇಳದೆ. ನಾವು ಮೂರು ವರ್ಷ ಒಂದು ಸರಿಯಾದ ಅಳತೆಯನ್ನು ಹುಡುಕಿದೆವು. ಅಂಥದ್ದೊಂದು ಇರಲೇ ಇಲ್ಲ.

ಅಕಾ ಖೋಲಾಗೆ ಏನೂ ಹೇಳದೆ ಓಡಿ ಬಂದರು. ಎರಡು ದಿನದಲ್ಲಿ ಕೆಲಸ ಮುಗಿಸಿದರು. ಅಲ್ಲಿ ನೋಡಿ, ಒಂಬತ್ತನೇ ಕೀಯ ಹಿಂದೆ, ಮುಚ್ಚಳದ ಮೇಲೆ ಕಂದು ಬಣ್ಣದ ಒಂದು ಬಿರಡೆ ಕಾಣುತ್ತಿದೆಯೇ? ಅವರ ತಂದೆಯವರ ಹಳೆಯ ರೇಡಿಯೊದಿಂದ ಬಿಚ್ಚಿದ್ದು. ಕೆಳಗೆ ಬಚ್ಚಿಡಲಿಲ್ಲ, ಮೇಲೆ ಇಟ್ಟರು — ಹಾಡುವವರ ಕೈಗೇ ಸಿಗಲಿ ಎಂದು. ಶುಕ್ರವಾರ ಮಧ್ಯಾಹ್ನ ಫೋನು ಮಾಡಿದರು.

"ಪೂಲಾತ್, ನಾಳೆ ಬೆಳಿಗ್ಗೆ ಬಾ. ಖೋಲಾ ಮನೆಗೆ ತಗೊಂಡು ಹೋಗಬೇಕು. ನಿನ್ನ ಕೈಯಲ್ಲೇ ಹೊರಿಸ್ತೀನಿ."

ನಿನ್ನ ಕೈಯಲ್ಲೇ. ಮೂರು ವರ್ಷದಲ್ಲಿ ನನ್ನ ತಪ್ಪಿನ ಬಗ್ಗೆ ಅವರು ಆಡಿದ ಮಾತು ಇಷ್ಟೇ. ನಾನು ಏನಂದೆ ಗೊತ್ತೇ? "ನಾಳೆ ತಂಗಿ ಮನೆಗೆ ಹೋಗ್ಬೇಕು ಅಕಾ. ಭಾನುವಾರ ಬರ್ತೀನಿ." ಶನಿವಾರ ಬೆಳಿಗ್ಗೆ ಅವರ ಹೃದಯ ನಿಂತಿತು.

ನಲವತ್ತು ದಿನ ಆ ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಹೆದರಿಕೆ. ಖೋಲಾ ಮತ್ತೆ "ಇದು ಅವರಲ್ಲ" ಅಂದರೆ? ಈಗ ಸರಿಮಾಡುವವರು ಯಾರಿದ್ದಾರೆ? ಹೊತ್ತುಕೊಂಡು ಹೋದರೆ ಎಲ್ಲ ಹೇಳಲೇಬೇಕು. ದಿನವೂ ಅವರ ಮನೆ ಕೆಳಗಿನ ತನಕ ಹೋಗುತ್ತಿದ್ದೆ, ಬಾಲ್ಕನಿ ನೋಡುತ್ತಿದ್ದೆ, ವಾಪಸ್ ಬರುತ್ತಿದ್ದೆ. ಹೋದ ವಾರ ನಿಗೀನಾ ನನ್ನನ್ನು ಮೆಟ್ಟಿಲ ಬಳಿ ಹಿಡಿದು ಅಪ್ಪನ ಪುಸ್ತಕ ಕೈಗಿಟ್ಟಳು. ಇದು. ಮೂವತ್ತು ವರ್ಷದ ರಿಪೇರಿಗಳೆಲ್ಲ ಇದರಲ್ಲಿವೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆ ದಿನದ ಪುಟ ತೆಗೆದೆ. ಓದುತ್ತೇನೆ.

"ಒಂಬತ್ತನೇ ಕೀ. ಬರೆದುಕೊಳ್ಳುವ ಮೊದಲೇ ಕತ್ತರಿಸಿದ್ದು. ಕತ್ತರಿಸಿದವನು: ಮಿರ್ಸೋಬಿತ್."

ಈ ಪುಸ್ತಕದಲ್ಲಿರುವ ಸುಳ್ಳು ಇದೊಂದೇ. ನನಗಾಗಿ ಬರೆದದ್ದು. ಇವತ್ತು ಬೆಳಿಗ್ಗೆ ಪುಲಾವಿಗೆ ಕೂರುವ ಮೊದಲು ಆ ಹೆಸರು ಹೊಡೆದು ಹಾಕಿದ್ದೇನೆ. ಪಕ್ಕದಲ್ಲಿ ನನ್ನ ಹೆಸರು ಬರೆದು ರುಜು ಮಾಡಿದ್ದೇನೆ. ಅತ್ತಿಗೆ, ನಿಮ್ಮ ಯಜಮಾನರು ಯಾವ ಹಾಡನ್ನೂ ಕೊಲ್ಲಲಿಲ್ಲ. ಖೋಲಾ, ನಿಮ್ಮ ಬಾಯಿ ಕಟ್ಟಿದವನು ನಾನು. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಪೆಟ್ಟಿಗೆಯನ್ನು ನಾನೇ ಹೊತ್ತು ತಂದೆ, ಮೂರು ಮಹಡಿ ಇಳಿಸಿ, ಒಬ್ಬನೇ. ಬಾಗಿಲ ಬಳಿ ಖೋಲಾಗೆ ಬಿರಡೆಯನ್ನು ತೋರಿಸಿ, "ಸಭೆ ಮುಗಿದ ಮೇಲೆ ಒಂದು ಸಲ ತಿರುಗಿಸಿ ನೋಡ್ತೀರಾ?" ಎಂದು ಕೇಳಿದೆ. "ಮೊದಲು ನಿನ್ನ ಮಾತು ಮುಗಿಸು" ಅಂದರು. ನನ್ನ ಮಾತು ಮುಗಿಯಿತು, ಖೋಲಾ.

ಅರ್ಧ ಗಂಟೆಯೂ ಆಯಿತು. ಬಿಸಿಯಾಗಿದೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಬಾಗಿಲ ಬಳಿ ಇರುವವರು ಫ್ಯಾನ್ ನಿಲ್ಲಿಸಿ — ಎರಡನ್ನೂ. ಫೋನುಗಳನ್ನು ಆರಿಸಿ. ಅತ್ತಿಗೆ, ಕೈಗಡಿಯಾರವನ್ನು ತಲೆವಸ್ತ್ರದ ತುದಿಯಲ್ಲಿ ಸುತ್ತಿಕೊಳ್ಳಿ, ಟಿಕ್ ಟಿಕ್ ಕೇಳಿಸಬಾರದು. ತೋಲಿಬ್ ಅಜ್ಜ, ಕೆಮ್ಮು ಬಂದರೆ ಈಗಲೇ ಕೆಮ್ಮಿಬಿಡಿ. ಯಾರೂ ಯಾವ ಕೀಯನ್ನೂ ಒತ್ತುವುದಿಲ್ಲ. ಇದು ಸತ್ತವರಿಗೆ ನಾವು ಕೊಡುವ ನಿಮಿಷವಲ್ಲ, ಅವರು ನಮ್ಮಿಂದ ಯಾವಾಗಲೂ ಕೇಳುತ್ತಿದ್ದ ನಿಮಿಷ. ತಲೆ ಬಗ್ಗಿಸಿ. ಆ ಗುಂಯ್ ಅನ್ನುವುದನ್ನು ಕೇಳಿ.

ಖೋಲಾ — ನೀವು ಅಲ್ಲಿ ಬೇಡ. ಇಲ್ಲಿ ಬಂದು ನಿಲ್ಲಿ, ಬಿರಡೆಯ ಪಕ್ಕ. ನಿಧಾನ, ಮೆಟ್ಟಿಲಿದೆ. ಹಾಂ, ಹಾಗೆ.

ಈಗ — ಒಂದು ನಿಮಿಷ. ಮೌನ.